ದೇವ್ರು ಕಾಯ್ತದೆ

ಊರು ಸದ್ದಡಗಿದ ಮೇಲೆ ಆ ಸದ್ದು ಕೇಳಿಸುತ್ತಿತ್ತು. ಮಳವಳ್ಳಿ ತಾಲ್ಲೂಕಿನಲ್ಲಿ ನಮ್ಮ ಸೋದರತ್ತೆಯ ಮನೆ. ರಾತ್ರಿ ಹತ್ತಾಯಿತೆಂದರೆ ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದೊಂದು ಬಿಟ್ಟರೆ ಬೇರೆ ಸದ್ದಿಲ್ಲ. ನಡುಮನೆಯಲ್ಲಿ ಮೂರು ದಿಂಬಿಗೆ ಒರಗಿ ಮಲಗಿದ್ದ ಅತ್ತೆಯ ಎದೆಯಿಂದ ಟಿಕ್, ಟಿಕ್ ಅಂತ ಲೋಹದ ಸಣ್ಣ ಸದ್ದು. ಸಂಕ್ರಾಂತಿಗೆ ಹತ್ತು ದಿನ ಮುಂಚೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವರ ಎದೆ ತೆರೆದು, ಕೆಟ್ಟುಹೋಗಿದ್ದ ಮೈಟ್ರಲ್ ಕವಾಟವನ್ನು ತೆಗೆದು ಲೋಹದ ಕವಾಟ ಕೂರಿಸಿದ್ದರು. ಆ ಕವಾಟ ಮುಚ್ಚಿದಾಗಲೆಲ್ಲ ಹೀಗೆ ಸದ್ದಾಗುತ್ತದೆ. ಕೆಲವರಿಗೆ ಇದರಿಂದಲೇ ತಿಂಗಳುಗಟ್ಟಲೆ ನಿದ್ದೆ ಹತ್ತುವುದಿಲ್ಲ. ಅದು ನಿಂತುಬಿಟ್ಟರೆ ಎಂಬ ದಿಗಿಲಿನಲ್ಲಿ ಎಣಿಸುತ್ತಾ ಮಲಗಿರುತ್ತಾರೆ.

ಅತ್ತೆಯನ್ನು ಕೇಳಿದೆ, ನಿದ್ದೆ ಕೆಡಿಸುತ್ತಾ ಅಂತ. "ಇಲ್ಲ ಕಣ್ ಮಗ. ಒಳಗೆ ಯಾರೋ ತಾಳ ಹಾಕ್ತವ್ರೆ. ನೀಲಗಾರ್ರು ಬಂದಂಗದೆ" ಅಂದರು.

ಅವರ ಮನೆದೇವರು ಸಿದ್ದಪ್ಪಾಜಿ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಅದೇ ತಾಲ್ಲೂಕಿನಲ್ಲಿದೆ. ನೀಲಗಾರರು ತಂಬೂರಿ ಮೀಟುತ್ತಾ, ತಾಳ ಹಾಕುತ್ತಾ ರಾತ್ರಿಯಿಡೀ ಇವರ ಕತೆ ಹಾಡುವುದನ್ನು ಮಗುವಾಗಿದ್ದಾಗಿನಿಂದ ಕೇಳುತ್ತಾ ನಿದ್ದೆ ಹೋದವರು ಅವರು. ಎದೆಯೊಳಗೆ ಬಂದು ಕೂತ ಪರಕೀಯ ಲೋಹಕ್ಕೆ ಅವರ ಮನಸ್ಸಿನಲ್ಲಿ ಮೊದಲೇ ಒಂದು ಜಾಗ ಸಿದ್ಧವಿತ್ತು. ಔಷಧ ಅಂಗಡಿಯಲ್ಲಿ ಸಿಗದ ಈ ಸಮಾಧಾನ ಏನು, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಆವತ್ತಿನಿಂದ ಯೋಚಿಸುತ್ತಿದ್ದೇನೆ.

ದೊಡ್ಡ ಆಪರೇಷನ್ ಆಗಿ ಒಬ್ಬರು ಬದುಕಿ ಬಂದರೆ ನಮ್ಮ ಕಡೆ ಎರಡು ಥರ ಮಾತು ಕೇಳುತ್ತದೆ. "ಎಲ್ಲಾ ದೇವ್ರ ದಯ" ಎಂಬುದು ಒಂದು. ಓದಿಕೊಂಡವರ ಮಾತು ಇನ್ನೊಂದು: ಕಾಪಾಡಿದ್ದು ಡಾಕ್ಟರು, ದೇವರು ಗೀವರು ಮನಸ್ಸಿನ ಸಮಾಧಾನಕ್ಕೆ ಅಷ್ಟೆ. ಮೊದಲನೆಯ ಮಾತು ಆರು ಗಂಟೆ ನಿಂತು ಕೆಲಸ ಮಾಡಿದವರ ಕೈಗಳನ್ನು ಮರೆಯುತ್ತದೆ. ಎರಡನೆಯದರಲ್ಲಿ ನನಗೆ ಒಪ್ಪಿಗೆಯಾಗದ್ದು "ಅಷ್ಟೆ" ಎಂಬ ಪದ. ಎದೆಯ ಮೂಳೆಯನ್ನು ಗರಗಸದಲ್ಲಿ ಸೀಳಿ, ಸ್ಟೀಲ್ ತಂತಿಯಲ್ಲಿ ಬಿಗಿದು ಮನೆಗೆ ಕಳಿಸಿದ ಹೆಂಗಸಿಗೆ ಮನಸ್ಸಿನ ಸಮಾಧಾನ ಎಂಬುದು ಸಣ್ಣ ವಸ್ತುವಲ್ಲ.

ಆ ಮೂಳೆ ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ತಳ್ಳುವಂತಿಲ್ಲ, ಎಳೆಯುವಂತಿಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಂಡೇ ಕೆಮ್ಮಬೇಕು. ಆಸ್ಪತ್ರೆಯಿಂದ ಬರುವಾಗ ಬನ್ನೂರಿನ ದಾರಿಯಲ್ಲಿ ಒಂದೊಂದು ಹಂಪ್ ಬಂದಾಗಲೂ ಅತ್ತೆ ದಿಂಬು ಅಪ್ಪಿಕೊಂಡು ಕಣ್ಣು ಮುಚ್ಚುತ್ತಿದ್ದರು. ಮನೆಗೆ ಬಂದ ಮೂರನೇ ದಿನ ಅಡುಗೆಮನೆಯಲ್ಲಿ ಸೊಸೆ ಮುದ್ದೆ ತೊಳಸುತ್ತಿದ್ದಾಗ ಇವರಿಗೆ ಸುಮ್ಮನೆ ಕೂರಲಾಗಲಿಲ್ಲ. ಮುದ್ದೆಕೋಲು ಕೈಗೆ ತಗೊಂಡರು. ಮುದ್ದೆ ತೊಳಸುವಾಗ ರಟ್ಟೆಯ ಜೊತೆಗೆ ಎದೆಯೂ ದುಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ಎರಡು ಸುತ್ತಿಗೇ ಮುಖ ಬಿಳುಚಿಕೊಂಡಿತು.

ಆ ದಿನಗಳಲ್ಲಿ ಮೈಗಿಂತ ಹೆಚ್ಚಾಗಿ ಬಳಲುವುದು ಮನಸ್ಸು. ಕಾರಣವಿಲ್ಲದೆ ಅಳು ಬರುತ್ತದೆ, ಊಟ ಸೇರುವುದಿಲ್ಲ, ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಬೆಚ್ಚಿಬೀಳುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆ ಆದವರಲ್ಲಿ ಖಿನ್ನತೆ ಸಾಮಾನ್ಯವೆಂದೂ, ಅದು ಚೇತರಿಕೆಯನ್ನು ಹಿಂದಕ್ಕೆಳೆಯುತ್ತದೆಂದೂ ವೈದ್ಯರು ಬಲ್ಲರು. ಆದರೆ ನಮ್ಮ ಹಳ್ಳಿಗಳಲ್ಲಿ ಅದನ್ನು ನೋಡಿಕೊಳ್ಳುವವರು ಯಾರು? ಒಂದು ಮಧ್ಯಾಹ್ನ ಅತ್ತೆ ಕೇಳಿದರು: "ಗುಂಡಿಗೆ ನಿಲ್ಸಿದ್ರಂತಲ್ಲಪ್ಪ. ನಿಂತಿದ್ದಾಗ ನಾನೆಲ್ಲಿದ್ದೆ?"

ಗುಂಡಿಗೆ ಎಂದರೆ ನಮ್ಮಲ್ಲಿ ಹೃದಯವೂ ಹೌದು, ಧೈರ್ಯವೂ ಹೌದು. ಹೃದಯ–ಶ್ವಾಸಕೋಶ ಯಂತ್ರದ ವಿಷಯ ಹೇಳಿದೆ. 1953ರ ಮೇ ತಿಂಗಳಲ್ಲಿ ಜಾನ್ ಗಿಬ್ಬನ್ ಎಂಬ ಅಮೆರಿಕದ ಸರ್ಜನ್ ಮೊದಲ ಬಾರಿಗೆ ಅದನ್ನು ಬಳಸಿ ಯಶಸ್ವಿಯಾದದ್ದು, ಹೃದಯ ನಿಂತಿರುವಷ್ಟು ಹೊತ್ತೂ ಯಂತ್ರವೇ ರಕ್ತಕ್ಕೆ ಆಮ್ಲಜನಕ ಕೊಟ್ಟು ಮೈಯೆಲ್ಲ ಓಡಿಸುವುದು, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಅವರ ಪ್ರಶ್ನೆ ಹಾಗೇ ಉಳಿಯಿತು. ಸಂಜೆ ಪಕ್ಕದ ಮನೆಯ ಅಜ್ಜಿ ಬಂದು, "ಇನ್ನೆಲ್ಲಿದ್ದೀಯೆ, ಅಪ್ಪಾಜಿ ಮಡಿಲಲ್ಲಿದ್ದೆ" ಅಂದಾಗ ಅತ್ತೆ ನಕ್ಕರು. ಆಪರೇಷನ್ ಆದ ಮೇಲೆ ನಾನು ಕಂಡ ಅವರ ಮೊದಲ ನಗು ಅದು. ಯಂತ್ರದ ಬಗ್ಗೆ ನಾನು ಹೇಳಿದ್ದು ನಿಜ. ಅಜ್ಜಿ ಹೇಳಿದ್ದನ್ನು ಯಾವ ಸ್ಕ್ಯಾನಿಂಗಿನಲ್ಲೂ ನೋಡಲಾಗುವುದಿಲ್ಲ. ಆದರೂ ಆ ರಾತ್ರಿ ಅವರು ಒಂದು ಮುದ್ದೆ ಪೂರ್ತಿ ಉಂಡರು.

ಇಂಥ ನಂಬಿಕೆಯ ಬಲವನ್ನು ಅಳೆದು ನೋಡಿದವರೂ ಇದ್ದಾರೆ. ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ಮತ್ತು ಜೊತೆಯವರು ಅಮೆರಿಕದ 6 ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ರೋಗಿಗಳ ಗುರುತೇ ಇಲ್ಲದ ಭಕ್ತರ ಗುಂಪುಗಳಿಗೆ ಅವರ ಹೆಸರನ್ನಷ್ಟೇ ಕೊಟ್ಟು, ಆಪರೇಷನ್ನಿನ ಹಿಂದಿನ ರಾತ್ರಿಯಿಂದ 14 ದಿನ ಪ್ರಾರ್ಥಿಸಲು ಹೇಳಿದರು. "ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು" ಎಂದು ತಿಳಿಸಿದ್ದವರಲ್ಲಿ, ಪ್ರಾರ್ಥನೆ ನಡೆದ ಗುಂಪಿನ ಶೇ. 52 ಮಂದಿಗೆ ಏನಾದರೊಂದು ತೊಡಕು ಕಾಣಿಸಿತು. ನಡೆಯದ ಗುಂಪಿನಲ್ಲಿ ಶೇ. 51. ವ್ಯತ್ಯಾಸವೇ ಇಲ್ಲ. ಮೂರನೆಯ ಗುಂಪಿಗೆ ಮಾತ್ರ "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ" ಎಂದು ಹೇಳಿದ್ದರು. ಅವರಲ್ಲಿ ಶೇ. 59 ಮಂದಿಗೆ ತೊಡಕಾಯಿತು.

ಇದಕ್ಕೂ ಹಿಂದೆ, 1995ರಲ್ಲಿ, ಥಾಮಸ್ ಆಕ್ಸ್‌ಮನ್ ಮತ್ತು ಸಂಗಡಿಗರು ಇನ್ನೊಂದು ಅಧ್ಯಯನ ಪ್ರಕಟಿಸಿದ್ದರು. 55 ದಾಟಿದ 232 ಮಂದಿ, ಎಲ್ಲರೂ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆದವರು. ಆರು ತಿಂಗಳೊಳಗೆ ಅವರಲ್ಲಿ 21 ಮಂದಿ ತೀರಿಕೊಂಡರು. ತಮ್ಮ ಧರ್ಮದಿಂದ ಬಲ, ಸಾಂತ್ವನ ಯಾವುದೂ ಸಿಗುವುದಿಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಯಾವ ಗುಂಪು, ಸಂಘ, ಕೂಟಕ್ಕೂ ಸೇರದೆ ಒಂಟಿಯಾಗಿದ್ದವರಲ್ಲೂ ಹಾಗೆಯೇ. ಎರಡೂ ಇಲ್ಲದವರ ಪಾಡು ಎಲ್ಲಕ್ಕಿಂತ ಕಷ್ಟದ್ದು. ಇದು ಸಣ್ಣ ಅಧ್ಯಯನ. ಒಂದರ ಜೊತೆ ಇನ್ನೊಂದು ಕಂಡಿತು ಎನ್ನಬಹುದು, ಒಂದರಿಂದಲೇ ಇನ್ನೊಂದು ಆಯಿತು ಎಂದು ಸಾಧಿಸಲಾಗದು.

ನಾನು ಈ ಎರಡನ್ನೂ ಜೊತೆಗಿಟ್ಟು ಓದುತ್ತೇನೆ. ಗುರುತಿಲ್ಲದವರು ದೂರದಲ್ಲಿ ಕೂತು ಹೆಸರು ಹೇಳಿ ಬೇಡಿಕೊಂಡರೆ ಕವಾಟ ಸರಿಹೋಗುವುದಿಲ್ಲ. ಆದರೆ ರೋಗಿಯೇ ನಂಬಿಕೊಂಡು ಬಂದ ದೇವರು, ಆ ದೇವರ ಹೆಸರಿನಲ್ಲಿ ಮನೆ ಬಾಗಿಲಿಗೆ ಬರುವ ಜನ, ಬಂದು ಕೂತು ಆಡುವ ಮಾತು, ಇವು ಬೇರೆಯೇ ಬಗೆಯವು. ಅಪ್ಪಾಜಿಯ ಮಡಿಲಿನ ಮಾತು ಹೇಳಿದ ಅಜ್ಜಿ ದಿನಾ ಸಂಜೆ ಐದಕ್ಕೆ ಬರುತ್ತಿದ್ದರು. ಅವರೊಂದಿಗೆ ಅತ್ತೆ ಮೊದಲ ವಾರ ಅರಳಿಕಟ್ಟೆಯವರೆಗೆ ನಡೆದರು, ಎರಡನೇ ವಾರ ಮಾರಮ್ಮನ ಗುಡಿಯವರೆಗೆ. ಡಾಕ್ಟರು ಬರೆದುಕೊಟ್ಟದ್ದೂ ಅದೇ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ನಡೆಯಬೇಕೆಂದು. ಚೀಟಿ ನೋಡಿಕೊಂಡು ನಡೆ ಎಂದರೆ ಅವರು ನಡೆಯುತ್ತಿರಲಿಲ್ಲ. ಗುಡಿಗೆ ದೀಪ ಹಚ್ಚಲು ಹೋಗುತ್ತಿದ್ದರು.

ಆ ಮೂರನೆಯ ಗುಂಪು ಮಾತ್ರ ನನ್ನನ್ನು ಬಿಡದೆ ಕಾಡಿತು. ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ತಿಳಿದವರೇ ಏಕೆ ಹೆಚ್ಚು ಬಳಲಿದರು? ಅದು ಆಕಸ್ಮಿಕವೇ ಇರಬಹುದು. ಇಷ್ಟೊಂದು ಜನ ಬೇಡಿಕೊಳ್ಳಬೇಕಾದರೆ ನನ್ನ ಸ್ಥಿತಿ ಎಷ್ಟು ಕೆಟ್ಟಿರಬೇಕು ಎಂಬ ಭಯವೂ ಇರಬಹುದು ಎಂದು ಸಂಶೋಧಕರಲ್ಲೇ ಕೆಲವರು ಊಹಿಸಿದರು. ನಮ್ಮ ಮನೆಯಲ್ಲಿ ನಡೆದದ್ದನ್ನು ನೋಡಿದ ನನಗೆ ಆ ಊಹೆ ಸುಳ್ಳೆನಿಸುವುದಿಲ್ಲ.

ನಡೆದದ್ದು ಹೀಗೆ. ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾವ ಹನ್ನೊಂದು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದ್ದರು. ಇವಳು ಬದುಕಿ ಬಂದರೆ ಬರುವ ಹಬ್ಬಕ್ಕೆ ಇವಳ ಕೈಲಿ ಬಾಯಿಬೀಗ ಹಾಕಿಸುತ್ತೇನೆ ತಾಯಿ, ಅಂತ. ನಮ್ಮ ಕಡೆಯ ಮಾರಮ್ಮನ ಹಬ್ಬಗಳನ್ನು ಕಂಡವರಿಗೆ ಬಾಯಿಬೀಗ ಗೊತ್ತು: ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಳು ಚುಚ್ಚಿಸಿಕೊಂಡು, ಮಾತು ಬಿಟ್ಟು, ಗುಡಿಯವರೆಗೆ ನಡೆಯುವುದು. ಹರಕೆ ಹೊತ್ತವರು ಒಬ್ಬರು, ತೀರಿಸಬೇಕಾದ ಮೈ ಇನ್ನೊಬ್ಬರದು. ಮಾವನನ್ನು ದೂರಲು ನನ್ನಿಂದಾಗದು. ಆ ಬೆಂಚಿನ ಮೇಲೆ ಐದಾರು ಗಂಟೆ ಕೂತವನ ಕೈಯಲ್ಲಿ ಬೇರೇನಿತ್ತು?

ಆದರೆ ಲೋಹದ ಕವಾಟ ಹಾಕಿಸಿಕೊಂಡವರು ಸಾಯುವತನಕ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು. ಇಲ್ಲದಿದ್ದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಕವಾಟವೇ ಕಚ್ಚಿಕೊಳ್ಳುತ್ತದೆ, ಇಲ್ಲವೇ ಹೆಪ್ಪು ಮೆದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ. ಮಾತ್ರೆ ಹೆಚ್ಚಾದರೆ ರಕ್ತಸ್ರಾವ. ಮೈಟ್ರಲ್ ಕವಾಟದವರಿಗೆ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2.5 ಮತ್ತು 3.5ರ ನಡುವೆ ನಿಲ್ಲಬೇಕು. ಇಂಥ ಮೈಗೆ ಸರಳು ಚುಚ್ಚಿದರೆ ರಕ್ತ ನಿಲ್ಲುವುದು ಸುಲಭವಲ್ಲ. ಅದಕ್ಕಿಂತ ದೊಡ್ಡ ಅಪಾಯ ಬಾಯಿಯೊಳಗಿನ ಬ್ಯಾಕ್ಟೀರಿಯಾ. ಗಾಯದಿಂದ ರಕ್ತಕ್ಕಿಳಿದು ಅದು ಹೊಸ ಕವಾಟದ ಮೇಲೆ ಮನೆ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಒಂದು ಹಲ್ಲು ಕೀಳಿಸಬೇಕಾದರೂ ಇವರು ಮೊದಲೇ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ.

ಡಿಸ್ಚಾರ್ಜ್ ದಿನ ನಮ್ಮ ಕೈಗೆ ಕೊಟ್ಟ ಕಡತದಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿತ್ತು. ಬಾಯಲ್ಲಿ ಹೇಳಿದ್ದು ಎರಡೇ ನಿಮಿಷ: ಉಪ್ಪು ಕಡಿಮೆ, ಭಾರ ಎತ್ತಬೇಡಿ, ಮಾತ್ರೆ ತಪ್ಪಿಸಬೇಡಿ. ವಾರ್ಡ್ ತುಂಬಾ ಜನ, ಅವರ ಕಷ್ಟ ಅವರಿಗೆ. ಆದರೂ ನನ್ನ ಮನಸ್ಸಿನಲ್ಲಿ ಒಂದು ಮಾತು ನಿಂತಿದೆ. ಸಕ್ಕರೆ ಕಾಯಿಲೆ ಇದೆಯಾ, ಬೀಡಿ ಸೇದ್ತೀರಾ, ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇತ್ತಾ ಎಂದು ಹತ್ತು ಸಲ ಕೇಳಿದರು. "ಹರಕೆ ಏನಾದ್ರೂ ಕಟ್ಟಿಕೊಂಡಿದ್ದೀರಾ?" ಎಂದು ಒಂದು ಸಲವೂ ಯಾರೂ ಕೇಳಲಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯಿಂದ ಹೃದಯದ ಆಪರೇಷನ್ನಿಗೆ ಬರುವ ಕುಟುಂಬಗಳಲ್ಲಿ ಹರಕೆ ಕಟ್ಟದೆ ಬಂದವರನ್ನು ನಾನು ಹೆಚ್ಚು ಕಂಡಿಲ್ಲ. ಮುತ್ತತ್ತಿ ಆಂಜನೇಯ, ಮದ್ದೂರಿನ ಹೊಳೆ ಆಂಜನೇಯ, ಮಳವಳ್ಳಿಯ ದಂಡಿನ ಮಾರಮ್ಮ, ಒಬ್ಬೊಬ್ಬರಿಗೆ ಒಬ್ಬೊಬ್ಬರು. ಶಿಂಷೆಯ ದಡದ ವೈದ್ಯನಾಥಪುರದಲ್ಲಿ ಶಿವನ ಹೆಸರೇ ವೈದ್ಯನಾಥೇಶ್ವರ. ಮುಡಿ ಕೊಡುವುದು, ಬರಿಗಾಲಲ್ಲಿ ನಡೆಯುವುದು, ಉರುಳುಸೇವೆ, ಕೊಂಡ ಹಾಯುವುದು, ಸೋಮವಾರವೋ ಶನಿವಾರವೋ ಒಪ್ಪತ್ತು, ಹೀಗೆ ಹರಕೆಗಳು. ಕೂಡಿಕೊಳ್ಳದ ಎದೆಮೂಳೆಗೆ ಉರುಳುಸೇವೆ ಏನು ಮಾಡುತ್ತದೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಸತ್ತ ಪಾದಕ್ಕೆ ಕೊಂಡದ ಕೆಂಡ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಒಪ್ಪತ್ತೂ ಕೇಳಿದಷ್ಟು ಸುಲಭದ್ದಲ್ಲ. ಊಟ ಬಿಟ್ಟ ದಿನಗಳಲ್ಲಿ ರಕ್ತ ತೆಳು ಮಾಡುವ ಮಾತ್ರೆಯ ಬಲ ಹೆಚ್ಚುತ್ತದೆ. ನುಗ್ಗೆಸೊಪ್ಪು, ದಂಟಿನ ಸೊಪ್ಪಿನ ಬಸ್ಸಾರು ಒಂದೇ ಸಲಕ್ಕೆ ಹೆಚ್ಚಾದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದರ ಬಲ ಕುಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಒಂದೇ ಅಳತೆಯಲ್ಲಿ ತಿಂದರಾಯಿತು. ರಂಜಾನ್ ಉಪವಾಸ ಹಿಡಿಯುವವರೂ ಮಾತ್ರೆಯ ಹೊತ್ತನ್ನು ಮೊದಲೇ ಡಾಕ್ಟರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು.

ಇವನ್ನೆಲ್ಲ ಮೂಢನಂಬಿಕೆ ಎಂದು ಬೈದರೆ ಆಗುವುದು ಒಂದೇ: ರೋಗಿಯ ಮನೆಯವರು ಡಾಕ್ಟರ ಮುಂದೆ ಸುಮ್ಮನಾಗಿ, ಮನೆಗೆ ಬಂದು ಹರಕೆ ತೀರಿಸುತ್ತಾರೆ. ಕೇಳದಿದ್ದರೂ ಅಷ್ಟೇ. ಮರ್ಯಾದೆಯಿಂದ ಕೇಳಿದರೆ ಮಾತ್ರ ಹೇಳುತ್ತಾರೆ, ಹೇಳಿದರೆ ದಾರಿ ಹುಡುಕಬಹುದು. ಹಾಗಾಗಿ ಡಿಸ್ಚಾರ್ಜ್ ಕಾಗದದಲ್ಲಿ ಉಪ್ಪಿನ ಸಾಲಿನ ಕೆಳಗೆ ಹರಕೆಗೊಂದು ಸಾಲು ಇರಲಿ ಎಂಬುದು ನನ್ನ ಬೇಡಿಕೆ. ಅದನ್ನು ಕನ್ನಡದಲ್ಲಿ, ಒಬ್ಬ ನರ್ಸಮ್ಮ ಹತ್ತಿರ ಕೂತು ಕೇಳಲಿ.

ನಂಬಿಕೆಯ ಹೆಸರಿನಲ್ಲಿ ಆದ ನಷ್ಟವನ್ನು ಮುಚ್ಚಿಡುವುದೂ ಸರಿಯಲ್ಲ. ಅತ್ತೆಯ ಕವಾಟ ಕೆಟ್ಟದ್ದೇ ಚಿಕ್ಕಂದಿನಲ್ಲಿ ಬಂದ ಜ್ವರದಿಂದ. ಗಂಟಲು ಕೆಟ್ಟು, ಮಂಡಿ ಮೊಣಕೈ ಊದಿಕೊಂಡಿದ್ದಾಗ ದಾರ ಕಟ್ಟಿಸಿ, ಮಂತ್ರ ಹಾಕಿಸಿದ್ದರು. ಅದು ರುಮ್ಯಾಟಿಕ್ ಜ್ವರ ಎಂದು ಆಗಲೇ ಗುರುತಿಸಿ, ಮೂರು ಮೂರು ವಾರಕ್ಕೆ ಪೆನ್ಸಿಲಿನ್ ಇಂಜೆಕ್ಷನ್ ಕೊಡಿಸಿದ್ದರೆ ಕವಾಟ ಇಷ್ಟು ಹಾಳಾಗದೆ ಉಳಿಯಬಹುದಿತ್ತು. ದಾರ ಕಟ್ಟಿದ್ದು ತಪ್ಪೆನ್ನುವುದಕ್ಕಿಂತ, ದಾರ ಕಟ್ಟಿ ಅಲ್ಲಿಗೇ ನಿಂತದ್ದು ತಪ್ಪು. ಇವತ್ತಿಗೂ "ದೇವರು ಬೇಡ ಅಂತು" ಎಂದು ಮಾತ್ರೆ ನಿಲ್ಲಿಸುವವರು ಇದ್ದಾರೆ. ಯಾವ ದೇವರ ಬಾಯಲ್ಲೇ ಆ ಮಾತು ಬಂದರೂ ನಾನು ಅದನ್ನು ದೇವರ ಮಾತೆಂದು ಒಪ್ಪುವುದಿಲ್ಲ.

ಒಪ್ಪದಿರಲು ನಮ್ಮ ಪರಂಪರೆಯಲ್ಲೇ ಆಧಾರವಿದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಬೆಟ್ಟದ ಮೇಲೆ ಕಾಲಭೈರವನಿದ್ದಾನೆ. ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಅದೇ ಮಠ 1980ರ ದಶಕದಲ್ಲಿ ವೈದ್ಯಕೀಯ ಕಾಲೇಜು, ಆಸ್ಪತ್ರೆ ಕಟ್ಟಿತು. ಅಮಾವಾಸ್ಯೆ ಪೂಜೆಗೆ ಬಂದವರು ಬೆಟ್ಟ ಇಳಿದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬಹುದು. ಮದರ್ ತೆರೇಸಾ ದೇವರಿಗೆಂದೇ ಬದುಕನ್ನು ಮುಡಿಪಿಟ್ಟವರು. ಅವರ ಎದೆಯಲ್ಲೂ 1989ರಿಂದ ಪೇಸ್‌ಮೇಕರ್ ಇತ್ತು.

ಇನ್ನೊಂದು ನಂಬಿಕೆಯನ್ನೂ ಇಲ್ಲಿ ನೆನೆಯಬೇಕು. ಅದಕ್ಕೆ ಗುಡಿಯಿಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2003ರಲ್ಲಿ, ಯಶಸ್ವಿನಿ ಯೋಜನೆ ಕೆಲಸ ಶುರುಮಾಡಿತು. ಹೃದಯತಜ್ಞ ಡಾ. ದೇವಿ ಶೆಟ್ಟಿ ಅದರ ಹಿಂದಿದ್ದವರಲ್ಲಿ ಮುಖ್ಯರು. ಆಗ ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಹೃದಯದ ಶಸ್ತ್ರಚಿಕಿತ್ಸೆಯಂಥ ದೊಡ್ಡ ಖರ್ಚಿಗೂ ರಕ್ಷಣೆ ಸಿಗುತ್ತಿತ್ತು. ಡೇರಿಗೆ ಹಾಲು ಹಾಕುವ, ಸೊಸೈಟಿಯಲ್ಲಿ ಗೊಬ್ಬರ ತರುವ ಮನೆಗಳಿಗೆ ಹಿಂದೆಂದೂ ಎಟುಕದಿದ್ದ ಆಪರೇಷನ್ ಎಟುಕಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು, 2022ರಲ್ಲಿ ಮತ್ತೆ ಬೇರೆಯಾಗಿ ತಂದರು. ಈ ವರ್ಷ ನನಗೆ ಕಾಯಿಲೆ ಬರದಿದ್ದರೂ ನನ್ನ ಐದು ರೂಪಾಯಿ ಗುರುತಿಲ್ಲದ ಯಾರದೋ ಎದೆಗೆ ಸಲ್ಲುತ್ತದೆ ಎಂದು ಲಕ್ಷಾಂತರ ಜನ ಒಪ್ಪಿ ಕಟ್ಟಿದ ದುಡ್ಡು ಅದು. ಗುರುತಿಲ್ಲದವರ ಪ್ರಾರ್ಥನೆ ಮಾಡಲಾಗದ್ದನ್ನು ಗುರುತಿಲ್ಲದವರ ಐದು ರೂಪಾಯಿ ಮಾಡಿತು. ಮುಡಿಪಿನ ಹನ್ನೊಂದು ರೂಪಾಯಿಗೂ ಈ ಐದು ರೂಪಾಯಿಗೂ ನಾನು ಒಂದೇ ಭಾವದಿಂದ ಕೈಮುಗಿಯುತ್ತೇನೆ.

ಬಾಯಿಬೀಗದ ವಿಷಯ ನನಗೆ ತಿಳಿದದ್ದು ಫೆಬ್ರುವರಿಯಲ್ಲಿ. ಅತ್ತೆ ಅಷ್ಟು ಹೊತ್ತಿಗೆ ಮತ್ತೆ ಊಟ ಬಿಟ್ಟಿದ್ದರು. ಹರಕೆ ತೀರಿಸಿದರೆ ಜೀವಕ್ಕೆ ಭಯ, ತೀರಿಸದಿದ್ದರೆ ಅಮ್ಮನ ಭಯ. ಮಾವ ಒಂದು ಮೂಲೆ, ಅತ್ತೆ ಒಂದು ಮೂಲೆ. ಗಂಡನ ಹರಕೆ ಹೆಂಡತಿಯ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ಡಾಕ್ಟರಿಗೆ ಫೋನ್ ಮಾಡಿದರೆ "ಖಂಡಿತ ಕೂಡದು" ಎಂದರು. ಸರಿಯಾದ ಮಾತೇ. ಆದರೆ ಅದರಿಂದ ಅರ್ಧ ಭಯ ಮಾತ್ರ ಹೋಯಿತು. ಇನ್ನರ್ಧವನ್ನು ತೆಗೆಯುವ ಅಧಿಕಾರ ಬೇರೆಯವರಲ್ಲಿತ್ತು.

ಒಂದು ಶುಕ್ರವಾರ ಮೂವರೂ ಗುಡಿಗೆ ಹೋದೆವು. ಪೂಜಾರಪ್ಪನಿಗೆ ಎಪ್ಪತ್ತರ ಮೇಲೆ. ಎಲ್ಲ ಕೇಳಿಸಿಕೊಂಡರು. ಅತ್ತೆಯ ಕುತ್ತಿಗೆಯ ಕೆಳಗೆ ಇನ್ನೂ ಕೆಂಪಗಿದ್ದ ಗಾಯದ ಗೆರೆ ನೋಡಿದರು. ಹೂ ಕೇಳುವುದೇನೂ ಬೇಡ ಎಂದರು. ಆಮೇಲೆ ಮಾವನ ಕಡೆಗೆ ತಿರುಗಿ, "ಇಷ್ಟುದ್ದ ಕೂಯ್ಸ್ಕಂಡು ಬಂದವ್ಳೆ, ಇನ್ನೇನ್ ಚುಚ್ಚುಸ್ತೀಯೋ" ಎಂದರು. ಅತ್ತೆಗೆ ಹೇಳಿದ್ದು ಇಷ್ಟು: "ಬೀಗನ ಬೆಳ್ಳೀಲಿ ಮಾಡ್ಸಿ ಅಮ್ಮನ ಪಾದಕ್ಕೆ ಒಪ್ಸು. ಅದೂ ಈಗ್ಲೇ ಆಗ್ಬೇಕಂತಿಲ್ಲ. ದೇವ್ರು ಕಾಯ್ತದೆ ಕಣವ್ವ."

ಕಾಯುವುದು ಎಂದರೆ ಕನ್ನಡದಲ್ಲಿ ರಕ್ಷಿಸುವುದೂ ಹೌದು, ತಾಳ್ಮೆಯಿಂದ ಎದುರು ನೋಡುವುದೂ ಹೌದು. ಪೂಜಾರಪ್ಪ ಯಾವ ಅರ್ಥದಲ್ಲಿ ಅಂದರೋ ನಾನು ಕೇಳಲಿಲ್ಲ. ಅತ್ತೆಗೆ ಎರಡೂ ತಲುಪಿದ್ದು ಮುಖ ನೋಡಿದರೆ ತಿಳಿಯುತ್ತಿತ್ತು. ಡಾಕ್ಟರ ಮಾತು ಮಾಡಬೇಡ ಎಂದಿತ್ತು. ಇವರ ಮಾತು ಮಾಡದಿದ್ದರೂ ನೀನು ತಪ್ಪಿತಸ್ಥೆ ಅಲ್ಲ ಎಂದಿತು. ಹೃದಯ ಕೂಡಿಕೊಳ್ಳಲು ಎರಡೂ ಬೇಕಾಗಿತ್ತು. ಇಂಥ ಪೂಜಾರಪ್ಪಂದಿರು, ಮೌಲ್ವಿಗಳು, ಪಾದ್ರಿಗಳು ನಮ್ಮ ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರನ್ನೂ ವೈದ್ಯರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಒಂದು ಮಧ್ಯಾಹ್ನ ಮಾತಾಡಿಸುವ ಕೆಲಸವನ್ನು ಯಾವ ತಾಲ್ಲೂಕು ಆಸ್ಪತ್ರೆಯೂ ಹೆಚ್ಚು ಖರ್ಚಿಲ್ಲದೆ ಮಾಡಬಹುದು.

ಯುಗಾದಿ ಕಳೆದು ಹಬ್ಬ ಬಂತು. ಆಪರೇಷನ್ ಆಗಿ ಹದಿನಾಲ್ಕು ವಾರವಾಗಿತ್ತು. ಹಿಂದಿನ ದಿನ ಮಳವಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದೆವು, ಐಎನ್‌ಆರ್ 2.8. ತಮಟೆಯ ಹಿಂದೆ ಬಾಯಿಬೀಗದವರು ಸಾಲಾಗಿ ಮೌನದಲ್ಲಿ ನಡೆದರು. ಅವರ ಹಿಂದೆ ಹೆಂಗಸರ ಗುಂಪು. ಅದರ ನಡುವೆ ಅತ್ತೆ, ಕಾಲಿಗೆ ಚಪ್ಪಲಿ, ಕೈಯಲ್ಲಿ ಎಲೆಯ ಮೇಲಿಟ್ಟ ಬೆರಳುದ್ದದ ಬೆಳ್ಳಿ ಬೀಗ. ಪಕ್ಕದಲ್ಲಿ ಮಾವ ನೀರಿನ ಬಾಟಲಿ ಹಿಡಿದು ಬರುತ್ತಿದ್ದರು. ಗುಡಿಯ ಹತ್ತಿರ ಬರುತ್ತಿದ್ದಂತೆ ಹೆಂಗಸರು ಸೋಬಾನೆ ಎತ್ತಿಕೊಂಡರು. ಮೊದಲ ಸಾಲಿಗೆ ಅತ್ತೆ ಸುಮ್ಮನಿದ್ದರು. ಎರಡನೇ ಸಾಲಿಗೆ ಅವರ ದನಿಯೂ ಸೇರಿತು.